ಬೋಡಿ ಬೆಟ್ಟದ ಸುರಂಗ, ಕೋಲಾರದ ಗಣಿ ಮತ್ತು ಅಣುಕಸದ ಭಯ

ಪೆರಿಯಕುಳಂನ ಮಾವು, ಕಂಬಂ ಕಣಿವೆಯ ದ್ರಾಕ್ಷಿ, ಬೋಡಿನಾಯಕನೂರಿನ ಏಲಕ್ಕಿ. ತಮಿಳುನಾಡಿನ ತೇನಿ ಜಿಲ್ಲೆ ಅಂದರೆ ಹೊರಗಿನವರಿಗೆ ನೆನಪಾಗುವುದು ಇವೇ. ಆದರೆ 2010ರಿಂದ ಈಚೆಗೆ ಈ ಜಿಲ್ಲೆಯ ಹೆಸರು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದದ್ದು ಒಂದು ಸುರಂಗದ ದೆಸೆಯಿಂದ. ಸ್ವಾರಸ್ಯವೆಂದರೆ ಆ ಸುರಂಗವನ್ನು ಇನ್ನೂ ಯಾರೂ ಕೊರೆದೇ ಇಲ್ಲ!

ಬೋಡಿಯ ಪಶ್ಚಿಮ ಬೆಟ್ಟಗಳಲ್ಲಿ, ಪೊಟ್ಟಿಪುರಂ ಎಂಬ ಹಳ್ಳಿಯ ಹತ್ತಿರ, ನ್ಯೂಟ್ರಿನೊ ಎಂಬ ಕಣವನ್ನು ಅಧ್ಯಯನ ಮಾಡಲು ನೆಲದಡಿ ಪ್ರಯೋಗಾಲಯ ಕಟ್ಟುತ್ತೇವೆ ಎಂದು ವಿಜ್ಞಾನಿಗಳು ಹೇಳಿದರು. 'ನ್ಯೂಟ್ರಿನೊ ಅನ್ನುವುದು ಹೆಸರಿಗೆ ಮಾತ್ರ, ನಿಜವಾಗಿ ಇದು ಅಣುಕಸ ತಂದು ಹೂಳುವ ಗುಂಡಿ' ಎಂದು ಊರಿನ ಜನ ಹೇಳಿದರು. ಇದೇ ಮಾತು 2012ರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯಲ್ಲೂ ಕೇಳಿಬಂದಿತ್ತು. ಎರಡು ಊರು, ಎರಡು ಭಾಷೆ, ಭಯ ಮಾತ್ರ ಒಂದೇ. ಇದು ಬರೀ ಗಾಳಿಸುದ್ದಿಯೇ? ಅಥವಾ ಹಿಂದೆ ಏನಾದರೂ ನಡೆದದ್ದುಂಟೇ? ಮುಚ್ಚಿಹೋದ ಅಣು ಘಟಕಗಳಲ್ಲಿ ಉಳಿದ ವಿಕಿರಣದ ಸಾಮಾನು ನಿಜವಾಗಿ ಎಲ್ಲಿಗೆ ಹೋಗುತ್ತದೆ, ಹೇಗೆ ಹೋಗುತ್ತದೆ? ಗಡಿಯಾಚೆ ಕನ್ನಡದಲ್ಲಿ ಪಾಠ ಹೇಳುವ ನಮಗೆ ಈ ಪ್ರಶ್ನೆ ಎರಡೂ ಕಡೆಯದು. ಬನ್ನಿ, ಒಂದೊಂದಾಗಿ ನೋಡೋಣ.

ಕಣಿವೆಯ ಜನ

ಕಂಬಂ ಕಣಿವೆಯಲ್ಲಿ ನಮ್ಮ ಭಾಷೆಯವರೂ ಇದ್ದಾರೆ. ಕಪ್ಪಿಲಿಯರ್ ಎಂದು ಕರೆಸಿಕೊಳ್ಳುವ ಒಕ್ಕಲಿಗರು ಶತಮಾನಗಳ ಹಿಂದೆಯೇ ಕನ್ನಡ ನಾಡಿನಿಂದ ಇಲ್ಲಿಗೆ ಬಂದು ನೆಲೆಸಿದವರು. ಮನೆಯಲ್ಲಿ ಕನ್ನಡ, ಓದು ಬರಹವೆಲ್ಲ ತಮಿಳು. ಕಂಬಂನಲ್ಲಿ ಇವರು ನಂದಗೋಪಾಲನ ಹೆಸರಿನಲ್ಲಿ ಸಾಕುವ 'ತಂಬಿರಾನ್' ದನಗಳ ಮಂದೆ ಪ್ರಸಿದ್ಧ. ಈ ಕಣಿವೆಯ 'ಮಲೆ ಮಾಡು' ಎಂಬ ಬೆಟ್ಟದ ದನಗಳಿಗೆ ಪಶ್ಚಿಮಘಟ್ಟದ ಕಾಡೇ ಮೇವು. ಆದ್ದರಿಂದ ಬೆಟ್ಟಕ್ಕೆ ಬೇಲಿ ಹಾಕುತ್ತಾರೆ ಎಂದರೆ ಇಲ್ಲಿ ಮೊದಲು ಕೇಳುವ ಪ್ರಶ್ನೆ ವಿಜ್ಞಾನದ್ದಲ್ಲ, ಮೇವಿನದು.

ಹಾಗಂತ ಸುರಂಗ ಎಂದ ಕೂಡಲೇ ಬೆಚ್ಚಿಬೀಳುವ ಜನ ಇವರಲ್ಲ. ಈ ಕಣಿವೆ ಹಸಿರಾಗಿರುವುದೇ ಒಂದು ಸುರಂಗದಿಂದ. ಪಶ್ಚಿಮಕ್ಕೆ ಹರಿಯುವ ಪೆರಿಯಾರ್ ನದಿಗೆ ಬ್ರಿಟಿಷ್ ಇಂಜಿನಿಯರ್ ಜಾನ್ ಪೆನ್ನಿಕ್ವಿಕ್ 1895ರಲ್ಲಿ ಅಣೆಕಟ್ಟು ಕಟ್ಟಿ ಮುಗಿಸಿ, ಬೆಟ್ಟವನ್ನೇ ಕೊರೆದು ನೀರನ್ನು ಪೂರ್ವಕ್ಕೆ ತಿರುಗಿಸಿದ. ಅದೇ ಮುಲ್ಲಪೆರಿಯಾರ್. ಇಂದಿಗೂ ಕಣಿವೆಯ ರೈತರು ಅವನ ಹೆಸರಿನಲ್ಲಿ ಪೊಂಗಲ್ ಇಡುತ್ತಾರೆ. ಒಂದು ಸುರಂಗ ಕೊರೆದವನನ್ನು ಪೂಜಿಸುವ ಜನ ಇನ್ನೊಂದು ಸುರಂಗವನ್ನು ಯಾಕೆ ಬೇಡವೆಂದರು? ಇದಕ್ಕೆ ಉತ್ತರ ಬೇಕಾದರೆ ಕೋಲಾರಕ್ಕೆ ಹೋಗಬೇಕು.

ಕೋಲಾರದ ಪಾತಾಳದಲ್ಲಿ

ನ್ಯೂಟ್ರಿನೊ ಎಂದರೆ ಬಹಳ ಹಗುರವಾದ, ವಿದ್ಯುದಂಶವಿಲ್ಲದ ಕಣ. ಸೂರ್ಯನಿಂದ, ವಾತಾವರಣದಿಂದ ಕೋಟ್ಯಂತರ ನ್ಯೂಟ್ರಿನೊಗಳು ಪ್ರತಿ ಕ್ಷಣ ನಮ್ಮ ದೇಹದ ಮೂಲಕ ಹಾದುಹೋಗುತ್ತಿವೆ, ನಮಗೆ ಗೊತ್ತೇ ಆಗುವುದಿಲ್ಲ. ಅವು ವಿಕಿರಣದ ಹಾಗೆ ಸುಡುವುದಿಲ್ಲ, ಯಾವುದಕ್ಕೂ ತಾಗದೆ ಸಾಗುವುದೇ ಅವುಗಳ ಗುಣ. ಹಾಗಾಗಿ ಅವನ್ನು ಹಿಡಿಯುವುದು ಬಲು ಕಷ್ಟ. ಮೇಲಿನಿಂದ ಸುರಿಯುವ ಇತರ ಕಣಗಳ ಗದ್ದಲ ಕೇಳಿಸದಷ್ಟು ಆಳಕ್ಕೆ ಹೋಗಿ ಕೂತರೆ ಮಾತ್ರ ಎಲ್ಲೋ ಒಂದು ಸಿಕ್ಕೀತು.

ಆ ಆಳ ನಮ್ಮ ದೇಶದಲ್ಲಿ ಸಿಕ್ಕಿದ್ದು ಕೆಜಿಎಫ್‌ನಲ್ಲಿ. 1951ರಲ್ಲಿ ಹೋಮಿ ಭಾಭಾ ಅವರ ಸೂಚನೆಯಂತೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ತರುಣ ವಿಜ್ಞಾನಿಯೊಬ್ಬರು ಉಪಕರಣ ಹೊತ್ತು ಗಣಿಗೆ ಇಳಿದರು. ಅವರೇ ನಮ್ಮ ನಂಜನಗೂಡಿನಲ್ಲಿ 1925ರಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್. ಮುಂದೆ ಮಂಗಳೂರಿನಲ್ಲಿ ಹುಟ್ಟಿದ ಎಂ. ಜಿ. ಕೆ. ಮೆನನ್, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್‌ನ ವಿಜ್ಞಾನಿಗಳು ಸೇರಿಕೊಂಡರು. ಚಾಂಪಿಯನ್ ರೀಫ್ ಗಣಿಯಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಉಪಕರಣ ಹೂಡಿ, 1965ರಲ್ಲಿ ವಾತಾವರಣದಿಂದ ಬಂದ ನ್ಯೂಟ್ರಿನೊಗಳ ಸುಳಿವು ಹಿಡಿದರು. ದಕ್ಷಿಣ ಆಫ್ರಿಕದ ಚಿನ್ನದ ಗಣಿಯಲ್ಲೂ ಅದೇ ವರ್ಷ ಇನ್ನೊಂದು ತಂಡ ಇದನ್ನೇ ಕಂಡಿತು. ಆದರೆ ಅಚ್ಚಿನಲ್ಲಿ ಮೊದಲು ಬಂದದ್ದು ಕೋಲಾರದ ಲೇಖನ, ಅದೂ ಎರಡೇ ವಾರದ ಅಂತರದಲ್ಲಿ. ಜಗತ್ತಿನ ವಿಜ್ಞಾನದ ಪುಸ್ತಕದಲ್ಲಿ ಕೋಲಾರಕ್ಕೆ ಇರುವ ಈ ಜಾಗ ನಮ್ಮ ಎಷ್ಟು ಮಕ್ಕಳಿಗೆ ಗೊತ್ತು?

ಚಿನ್ನ ಕಡಿಮೆಯಾಗುತ್ತಾ ಬಂದಂತೆ ಆಳದ ಹಂತಗಳನ್ನು ಕೈಬಿಟ್ಟರು. 1992ರಲ್ಲಿ ಪ್ರಯೋಗಗಳು ನಿಂತವು. 2001ರ ಫೆಬ್ರವರಿ 28ರಂದು ಗಣಿಯೇ ಮುಚ್ಚಿತು. ಆಮೇಲೆ ಬಾವಿಗಳಲ್ಲಿ ನೀರು ತುಂಬಿತು.

ಇದು ಹೆಮ್ಮೆಯ ಕತೆ. ಇದೇ ಗಣಿಯಲ್ಲಿ ಇನ್ನೊಂದು ಪ್ರಯೋಗವೂ ನಡೆಯಿತು, ಅದನ್ನು ನೆನೆಯುವವರು ಕಡಿಮೆ. 1980ರ ದಶಕದಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದವರು ಗಣಿಯ ಬಳಸದ ಒಂದು ಭಾಗದಲ್ಲಿ, ಸುಮಾರು ಒಂದು ಸಾವಿರ ಮೀಟರ್ ಆಳದಲ್ಲಿ, ಒಂದು ಕೋಣೆ ಸಿದ್ಧಮಾಡಿ ಬಂಡೆಯೊಳಗೆ ವಿದ್ಯುತ್ ಹೀಟರ್ ಇಟ್ಟು ವರ್ಷಗಟ್ಟಲೆ ಕಾಯಿಸಿದರು. ತೀವ್ರ ವಿಕಿರಣದ ಅಣುಕಸ ತಾನೇ ಬಿಸಿಯಾಗುತ್ತದೆ. ಅದನ್ನು ಬಂಡೆಯಲ್ಲಿ ಹೂತರೆ ಬಂಡೆ ಏನಾಗುತ್ತದೆ, ಬಿರುಕು ಬಿಡುತ್ತದೆಯೇ ಎಂದು ನೋಡುವುದು ಉದ್ದೇಶ. ಅಲ್ಲಿ ಅಣುಕಸ ಇಡಲಿಲ್ಲ, ಬರೀ ಹೀಟರ್ ಇಟ್ಟರು. ಆದರೂ 'ಕೋಲಾರದ ಬಂಡೆ ಅಣುಕಸಕ್ಕೆ ಆದೀತೇ' ಎಂಬ ಪ್ರಶ್ನೆಯನ್ನು ಸರ್ಕಾರದ ವಿಜ್ಞಾನಿಗಳೇ ಒಮ್ಮೆ ಕೇಳಿದ್ದರು ಎಂಬುದು ಸುಳ್ಳಲ್ಲ.

ಆದ್ದರಿಂದಲೇ 2012ರ ನವೆಂಬರಿನಲ್ಲಿ, ಕೂಡಂಕುಳಂ ಅಣುಸ್ಥಾವರದ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿ ನಡೆಯುತ್ತಿದ್ದಾಗ, ಅಲ್ಲಿನ ಕಸವನ್ನು ಕೆಜಿಎಫ್‌ನ ಮುಚ್ಚಿದ ಗಣಿಗೆ ತರುತ್ತಾರೆ ಎಂಬ ಸುದ್ದಿ ಹಬ್ಬಿದಾಗ ಇಡೀ ಕೋಲಾರ ಜಿಲ್ಲೆ ಸಿಡಿದೆದ್ದಿತು. ಪ್ರತಿಭಟನೆಗಳಾದವು. ಕೊನೆಗೆ ಅಂಥ ಯೋಜನೆ ಇಲ್ಲವೆಂದು ಕೇಂದ್ರ ಸರ್ಕಾರ ಸ್ಪಷ್ಟನೆ ಕೊಡಬೇಕಾಯಿತು. ನೂರಿಪ್ಪತ್ತು ವರ್ಷ ಚಿನ್ನ ತೆಗೆದವರು ಊರಿಗೆ ಬಿಟ್ಟುಹೋದದ್ದು ಸೈನೈಡ್ ದಿಬ್ಬಗಳನ್ನು. ಗಾಳಿ ಬೀಸಿದರೆ ಆ ದೂಳು ಮನೆಯೊಳಗೆ ಬರುತ್ತದೆ. ಹಾಗಿರುವಾಗ ಇನ್ನೊಂದು ಕಸ ಬರುತ್ತದಂತೆ ಎಂದರೆ ಜನ ನಂಬದೆ ಇರುತ್ತಾರೆಯೇ?

ಸಿಂಗಾರದಿಂದ ಪೊಟ್ಟಿಪುರಕ್ಕೆ

ಕೋಲಾರ ಮುಚ್ಚಿದ ಮೇಲೆ ನ್ಯೂಟ್ರಿನೊ ವಿಜ್ಞಾನಿಗಳು ಬೇರೆ ಬೆಟ್ಟ ಹುಡುಕಿದರು. ಮೊದಲು ಆರಿಸಿದ್ದು ನೀಲಗಿರಿಯ ಸಿಂಗಾರ. ಮುದುಮಲೈ ಹುಲಿ ಕಾಡಿಗೆ ಹತ್ತಿರವೆಂದು 2009ರಲ್ಲಿ ಪರಿಸರ ಸಚಿವಾಲಯ ಒಪ್ಪಲಿಲ್ಲ. ಆಗ ಬಂದದ್ದೇ ತೇನಿ ಜಿಲ್ಲೆ. ಪೊಟ್ಟಿಪುರದ ಬೆಟ್ಟದ ಬುಡದಿಂದ ಅಡ್ಡಲಾಗಿ ಸುಮಾರು ಎರಡು ಕಿಲೋಮೀಟರ್ ಸುರಂಗ, ಅದರ ಕೊನೆಗೆ 132 ಮೀಟರ್ ಉದ್ದದ ಗುಹೆ, ಗುಹೆಯ ಮೇಲೆ ಸಾವಿರ ಮೀಟರಿಗೂ ಮಿಕ್ಕಿದ ಗಟ್ಟಿ ಬಂಡೆ, ಒಳಗೆ 50 ಸಾವಿರ ಟನ್ ಕಬ್ಬಿಣದ ಕಾಂತ. ಇದು ಯೋಜನೆ. 2015ರ ಜನವರಿಯಲ್ಲಿ ಕೇಂದ್ರ ಸಂಪುಟ ಸುಮಾರು 1,500 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು.

ಅಲ್ಲಿಂದ ಶುರುವಾಯಿತು ಜಗ್ಗಾಟ. ಅದೇ ವರ್ಷ ಮಾರ್ಚಿನಲ್ಲಿ, ವೈಕೋ ಅವರು ಹೂಡಿದ ಮೊಕದ್ದಮೆಯಲ್ಲಿ ಮದರಾಸು ಹೈಕೋರ್ಟಿನ ಮದುರೈ ಪೀಠ ಕೆಲಸಕ್ಕೆ ತಡೆ ಕೊಟ್ಟಿತು. 2017ರಲ್ಲಿ ಹಸಿರು ನ್ಯಾಯಮಂಡಳಿ ಪರಿಸರ ಅನುಮತಿಯನ್ನು ಅಮಾನತಿನಲ್ಲಿಟ್ಟಿತು. ಕೇರಳದ ಮತಿಕೆಟ್ಟಾನ್ ಶೋಲಾ ರಾಷ್ಟ್ರೀಯ ಉದ್ಯಾನ ಐದು ಕಿಲೋಮೀಟರ್ ಒಳಗೇ ಇದೆ ಎಂಬುದು ಮುಖ್ಯ ಕಾರಣ. 2018ರ ಮಾರ್ಚಿನಲ್ಲಿ ಕೇಂದ್ರ ಮತ್ತೆ ಅನುಮತಿ ಕೊಟ್ಟಿತು. 2021ರಲ್ಲಿ ತಮಿಳುನಾಡಿನ ಮುಖ್ಯಮಂತ್ರಿ ಎಂ. ಕೆ. ಸ್ಟಾಲಿನ್ ಯೋಜನೆ ಕೈಬಿಡುವಂತೆ ಪ್ರಧಾನಿಗೆ ಪತ್ರ ಬರೆದರು. 2022ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿನಲ್ಲೂ ವಿರೋಧ ದಾಖಲಿಸಿತು. ಹುಲಿಗಳು ಓಡಾಡುವ ದಾರಿ, ನೀರಿನ ಮೂಲ, ಬಂಡೆ ಸಿಡಿಸುವುದರಿಂದ ಬೆಟ್ಟಕ್ಕೆ ಆಗುವ ಹಾನಿ ಇವೇ ಅದರ ವಾದಗಳು.

ಗಮನಿಸಿ, ಕೋರ್ಟು ಕಚೇರಿಗಳಲ್ಲಿ ಗೆದ್ದ ವಾದಗಳು ಕಾಡಿನವು, ನೀರಿನವು. ಆದರೆ ಊರ ಬಾಯಲ್ಲಿ ಓಡಾಡಿದ್ದು ಅಣುಕಸದ ಮಾತು. ಇದಕ್ಕೆ ಒಂದು ನೇರ ಕಾರಣವಿತ್ತು. ಯೋಜನೆಗೆ ಹಣ ಕೊಡುವವರಲ್ಲಿ ಮುಖ್ಯ ಇಲಾಖೆ ಅಣುಶಕ್ತಿ ಇಲಾಖೆ. ಬೋರ್ಡಿನ ಮೇಲೆ 'ಅಣು' ಎಂಬ ಎರಡಕ್ಷರ ಕಂಡರೆ ಸಾಕಲ್ಲ!

ಅಣುಕಸ ಎಲ್ಲಿಗೆ ಹೋಗುತ್ತದೆ?

ಅಣುಕಸವೆಲ್ಲ ಒಂದೇ ಜಾತಿಯದಲ್ಲ. ಕೈಗವಸು, ಬಟ್ಟೆ, ಸೋಸುಕಗಳಂಥ ಕಡಿಮೆ ವಿಕಿರಣದ ಕಸವನ್ನು ಸುಟ್ಟೋ ಒತ್ತಿಯೋ ಗಾತ್ರ ಇಳಿಸಿ, ಸಿಮೆಂಟಿನಲ್ಲಿ ಕಲಸಿ, ಆಯಾ ಸ್ಥಾವರದ ಆವರಣದಲ್ಲೇ ಕಾಂಕ್ರೀಟ್ ಗುಂಡಿಗಳಲ್ಲಿ ಇಡುತ್ತಾರೆ. ನಮ್ಮ ಕೈಗಾದಲ್ಲೂ ಕ್ರಮ ಇದೇ. ಇದು ದೂರ ಸಾಗುವುದಿಲ್ಲ.

ಉರಿದ ಇಂಧನದ್ದು ಬೇರೆ ಲೆಕ್ಕ. ಅದನ್ನು ಮೊದಲು ವರ್ಷಗಟ್ಟಲೆ ನೀರಿನ ಕೊಳದಲ್ಲಿ ತಣಿಸುತ್ತಾರೆ. ನಮ್ಮ ದೇಶದಲ್ಲಿ ಅದನ್ನು ಕಸವೆಂದು ಎಸೆಯದೆ, ಆಮ್ಲದಲ್ಲಿ ಕರಗಿಸಿ ಯುರೇನಿಯಂ, ಪ್ಲುಟೋನಿಯಂ ಬೇರ್ಪಡಿಸಿಕೊಳ್ಳುವ ಪದ್ಧತಿ ಇದೆ. ಕೊನೆಗೆ ಉಳಿಯುವ ತೀವ್ರ ವಿಕಿರಣದ ದ್ರವವನ್ನು ಗಾಜಿನ ಜೊತೆ ಕರಗಿಸಿ ಉಕ್ಕಿನ ಡಬ್ಬಿಗಳಲ್ಲಿ ಎರಕ ಹೊಯ್ಯುತ್ತಾರೆ. ಟ್ರಾಂಬೆ, ತಾರಾಪುರ, ಕಲ್ಪಾಕ್ಕಂಗಳಲ್ಲಿ ಈ ಕೆಲಸದ ಘಟಕಗಳಿವೆ. ಆ ಗಾಜನ್ನು ಗಾಳಿಯಾಡುವ ಕಾಂಕ್ರೀಟ್ ಉಗ್ರಾಣದಲ್ಲಿ ದಶಕಗಟ್ಟಲೆ ಇಟ್ಟು ಕಾಯಬೇಕು. ಆಮೇಲೆ ಆಳದ ಬಂಡೆಯಲ್ಲಿ ಶಾಶ್ವತವಾಗಿ ಹೂಳಬೇಕು ಎಂಬುದು ಲೋಕದ ಎಲ್ಲ ಕಡೆಯ ಆಲೋಚನೆ. ಫಿನ್ಲೆಂಡ್ ದೇಶ ಒಂಕಾಲೊ ಎಂಬಲ್ಲಿ ನಾನೂರು ಮೀಟರಿಗೂ ಆಳದಲ್ಲಿ ಅಂಥದೊಂದನ್ನು ಕಟ್ಟಿದೆ. ಭಾರತದಲ್ಲಿ ಅಂಥ ಉಗ್ರಾಣ ಇನ್ನೂ ಇಲ್ಲ.

ಪೊಟ್ಟಿಪುರದ ಗುಹೆ ಅಂಥ ಉಗ್ರಾಣವಾಗಬಹುದಿತ್ತೇ? ಒಂದು ಸಣ್ಣ ಸುಳಿವಿಗಾಗಿ ವರ್ಷಗಟ್ಟಲೆ ಕಾಯುವ ಉಪಕರಣದ ಪಕ್ಕದಲ್ಲಿ ವಿಕಿರಣದ ಡಬ್ಬಿ ತಂದಿಡುವುದೆಂದರೆ, ಪಿಸುಮಾತು ಕೇಳಲು ಕೂತವನ ಕಿವಿಯ ಬಳಿ ತಮಟೆ ಬಾರಿಸಿದ ಹಾಗೆ. ಉಗ್ರಾಣವಾದರೆ ತುಂಬಿದ ಮೇಲೆ ಮುಚ್ಚಬೇಕು. ಪ್ರಯೋಗಾಲಯಕ್ಕೆ ದಿನವೂ ಜನ, ಗಾಳಿ, ವಿದ್ಯುತ್ ಬೇಕು. ಎರಡೂ ಒಂದೇ ಗುಹೆಯಲ್ಲಿ ಹೊಂದುವುದಿಲ್ಲ. ಕಸದ ಗುಂಡಿ ಎಂಬ ಮಾತಿಗೆ ಆಧಾರ ಕಾಣುವುದಿಲ್ಲ ಎಂದೇ ನಾವು ಹೇಳುತ್ತೇವೆ. ಬೆಟ್ಟ, ಹುಲಿ, ನೀರಿನ ತಕರಾರು ಬೇರೆ, ಅದಕ್ಕೆ ಆಧಾರ ಇದ್ದೇ ಇದೆ.

ಲಾರಿ ಮೇಲೆ ವಿಕಿರಣ

ಇನ್ನು ಸಾಗಣೆ. ವಿಕಿರಣದ ಸಾಮಾನು ನಮ್ಮ ರಸ್ತೆಗಳಲ್ಲಿ ಓಡಾಡುತ್ತಲೇ ಇದೆ. ಆಸ್ಪತ್ರೆಯ ಕೋಬಾಲ್ಟ್, ಕಾರ್ಖಾನೆಯ ಬೆಸುಗೆ ಪರೀಕ್ಷಿಸುವ ಇರಿಡಿಯಂ, ಹೀಗೆ. ಇದಕ್ಕೆ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ 1961ರಲ್ಲೇ ನಿಯಮ ಮಾಡಿತು. ನಮ್ಮಲ್ಲಿ 1983ರಲ್ಲಿ ಹುಟ್ಟಿದ ಅಣುಶಕ್ತಿ ನಿಯಂತ್ರಣ ಮಂಡಳಿ ಅದನ್ನೇ ಆಧಾರವಾಗಿಟ್ಟುಕೊಂಡಿದೆ.

ನಿಯಮದ ತಿರುಳು ಇಷ್ಟು: ಚಾಲಕನನ್ನು ನಂಬಬೇಡ, ಪೆಟ್ಟಿಗೆಯನ್ನು ನಂಬು. ಹೆಚ್ಚು ವಿಕಿರಣದ ಸಾಮಾನು ಸಾಗಿಸುವ ಪೆಟ್ಟಿಗೆಯ ಮಾದರಿಯನ್ನು 9 ಮೀಟರ್ ಎತ್ತರದಿಂದ ಜಗ್ಗದ ನೆಲದ ಮೇಲೆ ಬೀಳಿಸುತ್ತಾರೆ. ಒಂದು ಮೀಟರ್ ಎತ್ತರದಿಂದ ಉಕ್ಕಿನ ಗೂಟದ ಮೇಲೆ ಕೆಡವುತ್ತಾರೆ. 800 ಡಿಗ್ರಿ ಸೆಲ್ಸಿಯಸ್ ಬೆಂಕಿಯಲ್ಲಿ ಅರ್ಧ ಗಂಟೆ ಇಡುತ್ತಾರೆ. ನೀರಿನಲ್ಲಿ ಮುಳುಗಿಸುವ ಪರೀಕ್ಷೆಯೂ ಉಂಟು. ಇಷ್ಟಾದ ಮೇಲೂ ಒಳಗಿನದು ಹೊರಗೆ ಬರಬಾರದು. ಪೆಟ್ಟಿಗೆಯ ಮೇಲೆ ಮೂರೆಲೆ ಗುರುತಿನ ಚೀಟಿ ಇರಬೇಕು. ಬಿಳಿ ಚೀಟಿ ಅತಿ ಕಡಿಮೆ, ಹಳದಿಯಲ್ಲಿ ಎರಡು ಗೆರೆ ಇದ್ದರೆ ಮಧ್ಯಮ, ಮೂರು ಗೆರೆ ಇದ್ದರೆ ಹೆಚ್ಚು. ಈ ಗುರುತನ್ನು ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ತೋರಿಸಿಕೊಡಬೇಕು. ಯಾಕೆಂದು ಮುಂದೆ ಓದಿದರೆ ತಿಳಿಯುತ್ತದೆ.

ಮುಚ್ಚಿದ ಮೇಲೆ ಉಳಿದದ್ದು

ಒಂದು ಕಾರ್ಖಾನೆ ನಡೆಯುತ್ತಿರುವಾಗ ಅದರ ಸಾಮಾನಿಗೆ ಯಜಮಾನ ಇರುತ್ತಾನೆ. ನಿಂತ ಮೇಲೆ? ಟ್ರಾಂಬೆಯಲ್ಲಿ 1960ರಿಂದ ಓಡಿದ ಸೈರಸ್ ರಿಯಾಕ್ಟರ್ 2010ರ ಡಿಸೆಂಬರ್ 31ರಂದು ನಿಂತಿತು. ರಾಜಸ್ಥಾನದ ರಾವತ್‌ಭಾಟಾದ ಮೊದಲ ಘಟಕ 2004ರಲ್ಲೇ ನಿಂತಿತು. ನಿಂತರೂ ಕಾವಲು ನಿಲ್ಲುವುದಿಲ್ಲ. ಇಂಧನ ತೆಗೆದ ಮೇಲೂ ಕೊಳವೆ, ಕಾಂಕ್ರೀಟುಗಳಲ್ಲಿ ವಿಕಿರಣ ಉಳಿದಿರುತ್ತದೆ.

ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ ಕಂಬಂ ಕಣಿವೆಗೆ ನೀರು ಕೊಡುವ ಅದೇ ಪೆರಿಯಾರ್ ನದಿಯ ಜೊತೆ ಕೆಳಗೆ ಇಳಿಯಿರಿ. ಕೇರಳದ ಆಲುವಾದಲ್ಲಿ 1952ರಲ್ಲಿ ಇಂಡಿಯನ್ ರೇರ್ ಅರ್ತ್ಸ್ ಕಾರ್ಖಾನೆ ಶುರುವಾಯಿತು. ಕೇರಳ, ಕನ್ಯಾಕುಮಾರಿ ಕಡಲತೀರದ ಮೊನಜೈಟ್ ಮರಳನ್ನು ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿ ಅಪರೂಪದ ಲೋಹಗಳ ಲವಣ ತೆಗೆಯುವುದು ಅಲ್ಲಿನ ಕೆಲಸ. ಆ ಮರಳಿನಲ್ಲಿ ಶೇಕಡಾ 9ರಷ್ಟು ಥೋರಿಯಂ ಆಕ್ಸೈಡ್. ಬೇಕಾದ ಲವಣ ಮಾರಾಟವಾಯಿತು, ಥೋರಿಯಂ ಹೈಡ್ರಾಕ್ಸೈಡ್ ಎಂಬ ಹಿಟ್ಟು ಹಿಂದೆ ಉಳಿಯಿತು. 'ಮುಂದೆಂದಾದರೂ ಬೇಕಾದೀತು' ಎಂದು ಕಾಂಕ್ರೀಟ್ ಕಣಜಗಳಲ್ಲಿ ತುಂಬಿಟ್ಟರು. 2004ರಲ್ಲಿ ಅಲ್ಲಿ ಮೊನಜೈಟ್ ಬೇಯಿಸುವುದು ನಿಂತಿತು. ಆಮೇಲೆ ಆ ಹಿಟ್ಟನ್ನು ಕಣಜದಿಂದ ತೆಗೆದು, ಅದರಲ್ಲಿದ್ದ ಯುರೇನಿಯಂ ಬೇರ್ಪಡಿಸಿ, ಥೋರಿಯಂ ಆಕ್ಸಲೇಟ್ ರೂಪಕ್ಕೆ ತಂದು ಮತ್ತೆ ಭದ್ರವಾಗಿಡುವ ಕೆಲಸ ನಡೆಯಿತು. ಮುಚ್ಚಿದ ಘಟಕದ ಹೆಚ್ಚುವರಿ ರಾಸಾಯನಿಕವನ್ನು ನೋಡಿಕೊಳ್ಳುವುದೆಂದರೆ ಇದೇ. ಥೋರಿಯಂ ಅರ್ಧದಷ್ಟು ಕರಗಲು ಸುಮಾರು 1,400 ಕೋಟಿ ವರ್ಷ ಬೇಕು. ಕಾದು ಕೂತರೆ ಮುಗಿಯುವ ಕೆಲಸವಲ್ಲ, ದಾಟಿಸುತ್ತಾ ಹೋಗಬೇಕು.

ಥೋರಿಯಂ ನೈಟ್ರೇಟ್ ನಮಗೆ ಅಪರಿಚಿತವೂ ಅಲ್ಲ. ಕರೆಂಟ್ ಇಲ್ಲದ ಕಾಲದಲ್ಲಿ ಮದುವೆ ಮನೆ, ಯಕ್ಷಗಾನದ ಆಟಗಳಲ್ಲಿ ಭುಸುಗುಡುತ್ತಿದ್ದ ಪೆಟ್ರೋಮ್ಯಾಕ್ಸ್ ದೀಪದ ಬಿಳಿ ಬಲೆ ಬೆಳಗುತ್ತಿದ್ದುದು ಅದರಿಂದಲೇ. ಅದೇ ಲವಣ ರಾಜಕೀಯವನ್ನೂ ಮಾಡಿತು. 1953ರಲ್ಲಿ ಭಾರತ ಅದನ್ನು ಚೀನಾಕ್ಕೆ ಕಳಿಸಿದಾಗ ಅಮೆರಿಕ ನೆರವು ನಿಲ್ಲಿಸುವ ಮಾತಾಡಿತು. ಅಮೆರಿಕ ತಾನೂ ಸುಮಾರು 3,200 ಟನ್ ಥೋರಿಯಂ ನೈಟ್ರೇಟ್ ಕೂಡಿಟ್ಟುಕೊಂಡಿತ್ತು. ದಶಕಗಳು ಕಳೆದರೂ ಕೊಳ್ಳುವವರಿಲ್ಲ. ಕೊನೆಗೆ 2004-05ರಲ್ಲಿ ಮೇರಿಲ್ಯಾಂಡ್, ಇಂಡಿಯಾನ ರಾಜ್ಯಗಳ ಉಗ್ರಾಣಗಳಿಂದ ಪೀಪಾಯಿಗಳನ್ನು ನೆವಾಡದ ಮರುಭೂಮಿಗೆ ಸಾಗಿಸಿ ಹೂತರು. ಒಂದು ಕಾಲದಲ್ಲಿ ಜಗಳವಾಡಿಸಿದ ವಸ್ತು, ಕೊನೆಗೆ ಗುಂಡಿ ಪಾಲು!

ನಿಜವಾದ ಅಪಾಯ ಎಲ್ಲಿದೆ?

ಇದುವರೆಗೆ ಹೇಳಿದ್ದೆಲ್ಲ ಲೆಕ್ಕ ಇರುವ ಸಾಮಾನು. ಜನ ಸತ್ತಿರುವುದು ಲೆಕ್ಕ ತಪ್ಪಿದ ಸಾಮಾನಿನಿಂದ.

ಬ್ರೆಜಿಲ್‌ನ ಗೋಯಾನಿಯಾ ನಗರದಲ್ಲಿ ಮುಚ್ಚಿಹೋದ ಒಂದು ಕ್ಯಾನ್ಸರ್ ಚಿಕಿತ್ಸಾಲಯದಲ್ಲಿ ಬಿಟ್ಟುಹೋದ ಯಂತ್ರವನ್ನು 1987ರಲ್ಲಿ ಗುಜರಿಗೆಂದು ಕದ್ದೊಯ್ದರು. ಒಳಗಿದ್ದ ಸೀಸಿಯಂ ಕ್ಲೋರೈಡ್ ಪುಡಿ ಕತ್ತಲಲ್ಲಿ ನೀಲಿಯಾಗಿ ಹೊಳೆಯಿತು. ಚೆಂದವಿದೆಯೆಂದು ನೆಂಟರಿಷ್ಟರಿಗೆಲ್ಲ ಹಂಚಿದರು. ನಾಲ್ವರು ಸತ್ತರು, ಅವರಲ್ಲಿ ಒಬ್ಬಳು ಆರು ವರ್ಷದ ಹುಡುಗಿ. ಲಕ್ಷಕ್ಕೂ ಹೆಚ್ಚು ಜನರನ್ನು ತಪಾಸಣೆ ಮಾಡಬೇಕಾಯಿತು.

ನಮ್ಮ ದೇಶದಲ್ಲಿ ಇದು ನಡೆದದ್ದು 2010ರಲ್ಲಿ, ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಯಲ್ಲಿ. ದೆಹಲಿ ವಿಶ್ವವಿದ್ಯಾಲಯದ ರಸಾಯನ ವಿಭಾಗ 1968ರಲ್ಲಿ ಕೆನಡಾದಿಂದ ಕೊಂಡ ಕೋಬಾಲ್ಟ್ ಯಂತ್ರ 1985ರಿಂದ ಮೂಲೆ ಸೇರಿತ್ತು. 2010ರ ಫೆಬ್ರವರಿಯಲ್ಲಿ ಹಳೆ ಸಾಮಾನಿನ ಜೊತೆ ಅದನ್ನೂ ಹರಾಜು ಹಾಕಿದರು. ಕೊಂಡವರು ಸೀಸದ ಕವಚ ಬಿಚ್ಚಿದರು. ಒಬ್ಬ ಕೆಲಸಗಾರ ಸತ್ತ, ಏಳು ಜನ ಆಸ್ಪತ್ರೆ ಸೇರಿದರು. ಕೋಬಾಲ್ಟ್ ಸುಮಾರು ಐದೂಕಾಲು ವರ್ಷಕ್ಕೊಮ್ಮೆ ಅರ್ಧವಾಗುತ್ತದೆ. ನಲವತ್ತು ವರ್ಷದಲ್ಲಿ ಸುಮಾರು ಇನ್ನೂರರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ಆ ಒಂದು ಪಾಲೇ ಇಷ್ಟು ಮಾಡಿತು. ಅಲ್ಲಿ ಒಂಬತ್ತು ಮೀಟರ್ ಪರೀಕ್ಷೆಯ ಪೆಟ್ಟಿಗೆ ಇರಲಿಲ್ಲ, ಮೂರೆಲೆ ಗುರುತನ್ನು ಓದುವವರಿರಲಿಲ್ಲ. ಬಳಸಿ ಮುಗಿದ ಇಂಥ ಸಾಮಾನನ್ನು ಮಾರಿದವರಿಗೋ ಅಣುಶಕ್ತಿ ಇಲಾಖೆಗೋ ಮರಳಿಸಬೇಕು ಎಂಬ ನಿಯಮ ಆಗಲೂ ಇತ್ತು. ಆದರೆ ಯಂತ್ರ ತಂದವರು ನಿವೃತ್ತರಾಗಿದ್ದರು, ಅದು ಏನೆಂದು ಬಲ್ಲವರು ಆ ಕಟ್ಟಡದಲ್ಲಿ ಉಳಿದಿರಲಿಲ್ಲ.

ಕೇಳಬೇಕಾದ ಪ್ರಶ್ನೆಗಳು

ಈಗ ಮತ್ತೆ ತೇನಿಗೆ ಬರೋಣ. ಪೊಟ್ಟಿಪುರದ ಜನರನ್ನು ತಿಳಿವಳಿಕೆ ಇಲ್ಲದವರೆಂದು ಕೆಲವರು ಹೀಗಳೆದರು. ನಾವು ಹಾಗೆ ಹೇಳಲಾರೆವು. ಕೋಲಾರದ ಬಂಡೆಯಲ್ಲಿ ಹೀಟರ್ ಇಟ್ಟಾಗ ಆ ಊರಿನವರಿಗೆ ಅವರ ಭಾಷೆಯಲ್ಲಿ ವಿವರಿಸಿ ಹೇಳಿದ್ದರೆ 2012ರಲ್ಲಿ ಅಷ್ಟು ಗಾಬರಿ ಆಗುತ್ತಿತ್ತೇ? ಬೇಲಿ ಹಾಕುವ ಮೊದಲು ದನ ಮೇಯಿಸುವವರನ್ನು ಕೂರಿಸಿಕೊಂಡು ಮಾತಾಡಿದ್ದರೆ, ಸುರಂಗದಲ್ಲಿ ಏನಿರುತ್ತದೆಂಬುದನ್ನು ಅವರು ಊಹೆ ಮಾಡಿಕೊಳ್ಳಬೇಕಾಗುತ್ತಿತ್ತೇ? ವಿಜ್ಞಾನಿಗಳು ಆಮೇಲೆ ಹಳ್ಳಿಗಳಿಗೆ ಹೋಗಿ ವಿವರಿಸಿದರು. ಅಷ್ಟರಲ್ಲಿ ಮಾತು ಮುಂದೆ ಹೋಗಿಯಾಗಿತ್ತು.

ಇದರಿಂದ ನಷ್ಟ ಎರಡು. ಒಂದು, 1965ರಲ್ಲಿ ಜಗತ್ತಿಗೆ ಮೊದಲು ಸುದ್ದಿ ಕೊಟ್ಟ ದೇಶದಲ್ಲಿ ಇಂದು ನೆಲದಡಿ ನ್ಯೂಟ್ರಿನೊ ಪ್ರಯೋಗಾಲಯ ಇಲ್ಲ. 50 ಸಾವಿರ ಟನ್ನಿನ ಯೋಜನೆಗೆ ಉಳಿದದ್ದು ಮದುರೈಯಲ್ಲಿ ಕಟ್ಟಿದ 85 ಟನ್ನಿನ ಪುಟ್ಟ ಮಾದರಿ. ಎರಡನೆಯದು, ಇಲ್ಲದ ಗುಂಡಿಯ ಬಗ್ಗೆ ಇಷ್ಟು ಚರ್ಚೆಯಾದಾಗ ಇರುವ ಸಾಮಾನಿನ ಬಗ್ಗೆ ಯಾರೂ ಕೇಳಲಿಲ್ಲ. ಕೂಡಂಕುಳಂನ ಉರಿದ ಇಂಧನವನ್ನು ರಿಯಾಕ್ಟರಿನಿಂದ ದೂರ ಬೇರೆ ಕಡೆ ಇಡುವ ವ್ಯವಸ್ಥೆಗೆ 2018ರಲ್ಲಿ ಸುಪ್ರೀಂ ಕೋರ್ಟ್ 2022ರ ತನಕ ಗಡುವು ವಿಸ್ತರಿಸಿತು. ಆ ಸುದ್ದಿ ಸುರಂಗದ ಸುದ್ದಿಯಷ್ಟು ಓಡಾಡಲಿಲ್ಲ.

ನಮ್ಮ ಊರಿಗೆ ಇಂಥದೇನಾದರೂ ಬಂದರೆ, ಅಥವಾ ನಮ್ಮ ಊರಿನದು ಮುಚ್ಚಿದರೆ, ಐದು ಪ್ರಶ್ನೆ ಕೇಳೋಣ. ಒಳಗಿರುವ ವಸ್ತು ಯಾವುದು? ಎಷ್ಟಿದೆ? ಅದರ ಯಜಮಾನ ಯಾರು? ಯಾವ ದಾರಿಯಲ್ಲಿ, ಯಾವ ಪೆಟ್ಟಿಗೆಯಲ್ಲಿ ಹೋಗುತ್ತದೆ? ಎಷ್ಟು ವರ್ಷ ಕಾಯಬೇಕು, ಕಾಯುವ ಖರ್ಚು ಯಾರದು? ಉತ್ತರಗಳನ್ನು ಊರಿನ ಭಾಷೆಯಲ್ಲಿ ಬರೆಸಿ ಪಂಚಾಯಿತಿ ಕಚೇರಿಯಲ್ಲಿ ಇಡಿಸಿಕೊಳ್ಳೋಣ. ಕೋಲಾರದವರಿಗೂ ಪೊಟ್ಟಿಪುರದವರಿಗೂ ಅಂಥದೊಂದು ಕಾಗದ ಯಾರೂ ಮೊದಲೇ ಕೊಟ್ಟಿರಲಿಲ್ಲ.